ಬುಧವಾರ ಬಂದವರು ಯಾರು?

“ಅರೆ, ರೇವಂತ್ ಸಾರ್! ಮತ್ತೆ ಬಂದ್ರಾ?”

ಕೌಂಟರಿನ ಹುಡುಗಿ ಇಷ್ಟಗಲ ನಕ್ಕಳು. ರೇವಂತ್‌ನ ಮುಖದ ಬಣ್ಣವೇ ಹೋಯಿತು!

“ನ... ನಾನಾ? ಬೇರೆ ಯಾರನ್ನೋ ನೋಡಿರ್ಬೇಕು ನೀವು ಮೇಡಂ.”

ಹುಡುಗಿ ತಕ್ಷಣ ನಾಲಿಗೆ ಕಚ್ಚಿಕೊಂಡಳು. “ಹೌದು ಹೌದು... ಸಾರಿ! ನಾನು ಇಂಚರ, ನಿಮ್ಮ ಇನ್‌ಸ್ಟ್ರಕ್ಟರ್.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವನ ಜೊತೆ ಬಂದಿದ್ದ ಪ್ರೇರಣಾ ಇಬ್ಬರ ಮುಖವನ್ನೂ ನೋಡಿದಳು.

ಕನಕಪುರ ರಸ್ತೆಯಾಚೆಯ ಈ ಟ್ರ್ಯಾಕಿನಲ್ಲಿ ಜೋಡಿಯಾಗಿ ರೇಸ್ ಕಾರು ಓಡಿಸಬಹುದು. ಒಬ್ಬರು ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬರು ಪಕ್ಕದಲ್ಲಿ. ಅವಳಿಗೆ ಹತ್ತನೇ ಕ್ಲಾಸಿನಿಂದಲೂ ಇದೊಂದು ಹುಚ್ಚು. ಅವರಿಬ್ಬರ ಮದುವೆಗೆ ಇನ್ನು ಮೂರೇ ವಾರ. “ನಾನೂ ಯಾವತ್ತೂ ಹೋಗಿಲ್ಲ, ಇಬ್ಬರಿಗೂ ಫಸ್ಟ್ ಟೈಮ್” ಎಂದು ರೇವಂತ್ ಬುಕ್ ಮಾಡಿದ್ದ.

ಸುಳ್ಳು! ಇವತ್ತು ಬೆಳಿಗ್ಗೆ ಯಡಿಯೂರು ಕೆರೆ ದಾಟುವಾಗ, ಟಿಶ್ಯೂ ಬೇಕೆಂದು ಅವನ ಕಾರಿನ ಡ್ಯಾಶ್‌ಬೋರ್ಡಿನ ಖಾನೆ ತೆಗೆದಿದ್ದಳು. ಒಳಗೆ ಕತ್ತರಿಸಿದ ಎರಡು ಕಿತ್ತಳೆ ಬಣ್ಣದ ಪ್ರವೇಶದ ಕೈಪಟ್ಟಿಗಳು. ಇದೇ ಟ್ರ್ಯಾಕಿನ ಹೆಸರು, ಬುಧವಾರದ ತಾರೀಕು. ಬುಧವಾರ ಅವನು ಬನಶಂಕರಿಯಲ್ಲಿ ಟೈಲ್ಸ್ ನೋಡುತ್ತಿದ್ದೀನಿ ಎಂದಿದ್ದ!

ಎರಡು ಪಟ್ಟಿ... ಜೊತೆಗೆ ಬಂದವಳು ಯಾರು?

ಆಗಲೇ ಅವಳು ನಿಶ್ಚಿತಾರ್ಥದ ಉಂಗುರ ತೆಗೆದು ಬ್ಯಾಗಿನೊಳಗೆ ಹಾಕಿಕೊಂಡಿದ್ದಳು. ಇವತ್ತು ಅವನೇ ಬಾಯಿ ಬಿಟ್ಟು ನಿಜ ಹೇಳಿದರೆ ಸರಿ. ಇಲ್ಲದಿದ್ದರೆ ಉಂಗುರ ಅವನ ಕೈಗೇ ವಾಪಸ್.

ಡ್ರೆಸ್ಸಿಂಗ್ ರೂಮಿನಲ್ಲಿ ಇಂಚರ ಒಂದು ಕೆಂಪು ಸೂಟ್ ಹಿಡಿದು ನಿಂತಳು. “ಸರ, ಓಲೆ, ಉಂಗುರ... ಎಲ್ಲಾ ತೆಗೀಬೇಕು ಮೇಡಂ. ಕತ್ತಲ್ಲಿ ಏನೂ ಇರ್ಬಾರ್ದು. ರೂಲ್ಸ್.”

ಪ್ರೇರಣಾಳ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಲ್ಲಿತ್ತು ಇಷ್ಟಲಿಂಗದ ಬೆಳ್ಳಿ ಕರಡಿಗೆ. ಎಂಟನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ಅದು ಮೈಯಿಂದ ದೂರವಾಗಿದ್ದೇ ಇಲ್ಲ.

ನಿಶ್ಚಿತಾರ್ಥದ ದಿನ ರೇವಂತ್‌ನ ತಾಯಿ ಲಕ್ಷ್ಮಿದೇವಮ್ಮ ಈ ಕರಡಿಗೆ ನೋಡಿ ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. ‘ನಮ್ಮ ಬಿಳೇಕಹಳ್ಳಿ ಮನೇಲಿ ಇದೆಲ್ಲ ಅಭ್ಯಾಸ ಇಲ್ಲಮ್ಮ.’ ಆಗ ರೇವಂತ್ ತಲೆ ತಗ್ಗಿಸಿ ಕೂತಿದ್ದ...

ಓಹೋ! ಅದಕ್ಕೇನಾ ಇಲ್ಲಿಗೆ ಕರೆತಂದಿದ್ದು? ಆಟದ ನೆಪದಲ್ಲಿ ಒಂದು ಸಲ ತೆಗೆಸಿದರೆ, ಆಮೇಲೆ ಮನೆಯಲ್ಲೂ ತೆಗೆಸಬಹುದು ಅಂತಲಾ?

“ನಾನು ಲಿಂಗ ತೆಗೆಯೋಲ್ಲ. ನಿಮ್ಮ ರೇವಂತ್ ಸಾರ್‌ಗೆ ಹೇಳಿಬಿಡಿ. ನಾನು ಹೊರಟೆ!”

“ಅಯ್ಯೋ, ನಿಂತ್ಕೊಳ್ಳಿ ಮೇಡಂ! ಇದಕ್ಕೆ ಕೈ ಹಾಕಿ ನೋಡಿ.”

ಸೂಟಿನ ಒಳಗೆ, ಎದೆಯ ಎಡಭಾಗದಲ್ಲಿ, ಬಿಳಿ ಬಟ್ಟೆಯ ಪುಟ್ಟ ಜೇಬು. ಅದಕ್ಕೊಂದು ಜಿಪ್.

“ದಾರ ಸುತ್ತಿ ಇದರೊಳಗೆ ಇಟ್ಕೊಂಡ್ರೆ ಮೈಗೆ ತಾಗೇ ಇರುತ್ತೆ. ಬೆಲ್ಟೂ ಒತ್ತಲ್ಲ. ರೇವಂತ್ ಸಾರ್ ಹಠ ಹಿಡಿದು ಹೊಲಿಸಿದ್ದು. ಹೇಳ್ಬೇಡಿ ಅಂದಿದ್ರು, ಆದ್ರೆ ನೀವು ಹೊರಟೇಬಿಟ್ರಲ್ಲ! ಬುಧವಾರ ಅಂಕಲ್ ಬೇರೆ ಬಂದು, ತಮ್ಮ ಲಿಂಗ ಇದರಲ್ಲಿಟ್ಕೊಂಡು ಕಾರಲ್ಲಿ ಕೂತು ಚೆಕ್ ಮಾಡಿದ್ರು.”

“ಯಾವ ಅಂಕಲ್?”

ಇಂಚರ ಮೊಬೈಲ್ ತೋರಿಸಿದಳು. ವಿಡಿಯೋದಲ್ಲಿ ಹೆಲ್ಮೆಟ್ಟಿನ ಕಿಂಡಿಯಿಂದ ಮೂರು ಬೆರಳಿನ ವಿಭೂತಿ ಇಣುಕುತ್ತಿತ್ತು.

ಅಪ್ಪ! ಜಯನಗರದ ಬಟ್ಟೆ ಅಂಗಡಿ ಬಿಟ್ಟು ಬೇರೆಲ್ಲೂ ಹೋಗದ ಏಕಾಂತಯ್ಯ!

“ನಿಲ್ಸಪ್ಪಾ ನಿಲ್ಸು... ಬೇಡ ಬೇಡ, ಇನ್ನೊಂದು ರೌಂಡು ಹೊಡಿ!” ವಿಡಿಯೋದಲ್ಲಿ ಅಪ್ಪನ ಕೂಗು.

ಗುರುವಾರದಿಂದ ಅಪ್ಪ ಕತ್ತು ನೋವೆಂದು ಮುಲಾಮು ಹಚ್ಚಿಕೊಳ್ಳುತ್ತಿದ್ದುದು ಯಾಕೆಂದು ಈಗ ತಿಳಿಯಿತು. ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಎರಡನ್ನೂ ಮಾಡಿದಳು.

ಕರಡಿಗೆ ಜೇಬಿಗಿಟ್ಟು ಪ್ರೇರಣಾ ಸ್ಟಿಯರಿಂಗ್ ಹಿಡಿದಳು. ಕಾರು ಗುಡುಗಿಕೊಂಡು ಹೊರಟಿತು. ಮೊದಲ ತಿರುವಿಗೇ ರೇವಂತ್ ಸೀಟು ಗಟ್ಟಿಯಾಗಿ ಹಿಡಿದುಕೊಂಡ.

“ಬುಧವಾರ ಟೈಲ್ಸ್ ಚೆನ್ನಾಗಿತ್ತಾ?” ಹೆಲ್ಮೆಟ್ಟಿನ ಮೈಕಿನಲ್ಲಿ ಕೇಳಿದಳು.

“ಪ್ರೇರಣಾ... ನಿಧಾನ!”

“ಯಾಕೆ ಸುಳ್ಳು ಹೇಳ್ದೆ?”

“ನಿಮ್ಮಪ್ಪ ಆಣೆ ಹಾಕಿಸ್ಕೊಂಡಿದ್ರು! ಈ ವಯಸ್ಸಲ್ಲಿ ರೇಸ್ ಕಾರ್ ಹತ್ತಿದೆ ಅಂತ ನನ್ನ ಹೆಂಡ್ತಿ ಸರ್ವಮಂಗಳಾಗೆ ಗೊತ್ತಾದ್ರೆ ನನ್ನ ಕಥೆ ಮುಗೀತು ಅಂದ್ರು!”

“ಅವತ್ತು ನಿಮ್ಮಮ್ಮ ಹೇಳ್ದಾಗ ಯಾಕೆ ಸುಮ್ನಿದ್ದೆ?”

ರೇವಂತ್ ಸೀಟು ಬಿಟ್ಟು ಅವಳ ಕಡೆ ತಿರುಗಿದ.

“ಅವತ್ತು ಧೈರ್ಯ ಸಾಲ್ಲಿಲ್ಲ... ತಪ್ಪಾಯ್ತು. ಆಮೇಲೆ ಅಮ್ಮನ ಹತ್ರ ಮಾತಾಡಿದೆ. ನೀನು ಬರೋದು ಹೇಗಿದೀಯೋ ಹಾಗೇ ಅಂತ. ನಮ್ಮಪ್ಪ ದೇವರ ಮನೇಲಿ ನಿನ್ನ ಲಿಂಗಪೂಜೆಗೆ ಅಂತ ಒಂದು ಮಣೆ ಮಾಡಿಸ್ತಿದಾರೆ.”

ಅವಳ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಸಡಿಲವಾಯಿತು. ಸುಮ್ಮಸುಮ್ಮನೆ ಅನುಮಾನಪಟ್ಟ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಕಾರು ಟ್ರ್ಯಾಕಿನ ಪಕ್ಕದ ಪಿಟ್‌ಗೆ ಬಂದು ನಿಂತಿತು.

“ರೇವಂತ್... ನಿನ್ನ ಬಿಟ್ಟುಬಿಡೋಣ ಅಂತಿದ್ದೆ. ಬೆಳಿಗ್ಗೆನೇ ಉಂಗುರ ತೆಗೆದಿಟ್ಟಿದ್ದೆ.”

“ನೋಡ್ದೆ.”

“ನೋಡ್ದಾ! ಮತ್ತೆ ಯಾಕೆ ಕೇಳ್ಲಿಲ್ಲ?”

“ಇಲ್ಲಿ ಹೇಗೂ ತೆಗೀಬೇಕಲ್ಲ, ರೂಲ್ಸ್ ಓದ್ಕೊಂಡು ಬಂದಿದಾಳೆ, ಜಾಣೆ... ಅಂದ್ಕೊಂಡೆ.”

ತಾನು ಎರಡು ಪಟ್ಟಿ ನೋಡಿ ಏನೆಲ್ಲ ಕಲ್ಪಿಸಿಕೊಂಡಿದ್ದಳು! ಇವನೋ, ಖಾಲಿ ಬೆರಳು ನೋಡಿಯೂ ಒಳ್ಳೆಯದನ್ನೇ ಯೋಚಿಸಿದ್ದ.

ಹೆಲ್ಮೆಟ್ ತೆಗೆದು, ಅವಳು ಕೈ ಮುಂದೆ ಚಾಚಿದಳು.

“ಉಂಗುರ ಬ್ಯಾಗಲ್ಲಿದೆ. ನೀನೇ ಹಾಕು.”

“ಹಾಕ್ತೀನಿ ಕಣೇ,” ರೇವಂತ್ ಒದ್ದೆ ಕಣ್ಣಲ್ಲೇ ನಕ್ಕ. “ಮೊದಲು ಗ್ಲೌಸ್ ತೆಗಿ!”