ದಿನಕ್ಕೊಂದು ಬರಹ

ಹಾಸಿಗೆ ಹಿಡಿದ ಅಮ್ಮನ ಬಗ್ಗೆ ನಾನು ವಾರಕ್ಕೊಮ್ಮೆ ಬ್ಲಾಗಿನಲ್ಲಿ ಬರೆಯುತ್ತಿದ್ದೆ. "ದಿನಾ ಹಾಕು ಮಾರಾಯ, ಇಲ್ಲಾಂದ್ರೆ ಓದೋರು ಮರೆತುಬಿಡ್ತಾರೆ," ಎಂದ ಗೆಳೆಯ.

ದಿನಾ ಬರೆಯಲು ವಿಷಯವೆಲ್ಲಿ? ಹೋದ ವಾರ ಒಂದು ಬೆಳಿಗ್ಗೆ, ಅಮ್ಮನ ಬಲಗೈ ಮರಗಟ್ಟಿತೆಂದು ಸುಳ್ಳು ಬರೆದೆ. ಮಧ್ಯಾಹ್ನ ಅಮ್ಮನ ಕೈಯಿಂದ ಲೋಟ ಜಾರಿಬಿತ್ತು. ಮುಟ್ಟಿದರೆ, ಲೋಟ ಹಿಡಿದಿದ್ದ ಬಲಗೈ ಮರಗಟ್ಟಿ ತಣ್ಣಗೆ ಕೊರೆಯುತ್ತಿತ್ತು.

ಹೆದರಿದೆ. ಆದರೂ ಓದುಗರ ಕನಿಕರದ ರುಚಿ ಹತ್ತಿತ್ತು. ಮರುದಿನ, ಅವಳಿಗೆ ನನ್ನ ಗುರುತೇ ಸಿಗುತ್ತಿಲ್ಲವೆಂದು ಬರೆದೆ. ಸಂಜೆ ದೀಪ ಹಾಕಲು ಹೋದರೆ, "ಯಾರಪ್ಪಾ ನೀನು?" ಎಂದಳು.

ನಾಚಿಕೆಯಿಂದ ಭೂಮಿಗಿಳಿದುಹೋದೆ. ಬರೆದದ್ದನ್ನೆಲ್ಲ ಅಳಿಸಿ ಅವಳ ಕಾಲಬಳಿ ಕೂತೆ. ಅಮ್ಮ ಗೋಡೆಯತ್ತ ಮುಖ ಮಾಡಿಯೇ ಮೆಲ್ಲಗೆ ಕೇಳಿದಳು: "ನಾಳೆಗೆ ಏನು ಬರೀತೀಯಪ್ಪಾ?"

ಅಮ್ಮನಿಗೆ ಓದಲು ಬಾರದು. ಬ್ಲಾಗಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.