ಬೇರು ಮೇಲೆ, ಹೂವು ಕೆಳಗೆ

ಬೆಳಗ್ಗೆ ಠಾಣೆಗೆ ಬಂದ ಫೋನಿನಲ್ಲಿ ಹೆಂಗಸೊಬ್ಬಳು ಅಳುತ್ತಿದ್ದಳು.

"ಸರ್, ನಮ್ಮ ಹೊಲದ ಬದುವನ್ನ ಯಾರೋ ಬೋಳಿಸಿಬಿಟ್ಟಿದ್ದಾರೆ!"

ನಾನು ಹೆಡ್ ಕಾನ್‌ಸ್ಟೆಬಲ್. ಕೊಲೆ, ಕಳವು ಎಂದರೆ ಅರ್ಥವಾಗುತ್ತದೆ. ಬದು ಬೋಳಿಸುವುದು ಯಾವ ಸೆಕ್ಷನ್ನಿಗೆ ಬರುತ್ತದೋ ದೇವರೇ ಬಲ್ಲ. ಫೋನು ಇಟ್ಟುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ನಮ್ಮ ಇನ್ಸ್‌ಪೆಕ್ಟರ್ ಮೇಡಂ ಟೋಪಿ ಹಾಕಿಕೊಂಡು ಜೀಪು ಹತ್ತಿಯಾಗಿತ್ತು.

"ಸುಮ್ ಸುಮ್ನೆ ಯಾರೂ ಅಳಲ್ಲ ಕಣ್ರೀ. ನಡೀರಿ."

ಹೊಲದ ಸುತ್ತ ಅಗಲವಾದ ಬದು. ನಿನ್ನೆಯವರೆಗೆ ಅಲ್ಲಿ ಕಾಡುಹೂವು, ಹುಲ್ಲು, ಜೇನುಹುಳ ತುಂಬಿದ್ದವಂತೆ. ಈಗ ಬರೀ ಮಣ್ಣು. ಕಿತ್ತ ಗಿಡಗಳು ಸಾಲಾಗಿ ಸಣ್ಣ ಸಣ್ಣ ಗುಡ್ಡೆಯಾಗಿದ್ದವು. ಬೇರು ಮೇಲೆ, ಹೂವು ಕೆಳಗೆ.

"ಮೇಕೆ ನುಗ್ಗಿರಬೇಕು," ಎಂದೆ.

"ಮೇಕೆ ಗುಡ್ಡೆ ಮಾಡಿ ಹೋಗುತ್ತಾ?" ಎಂದರು ಮೇಡಂ.

ಫೋನು ಮಾಡಿದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗಂಡ ಲಾರಿ ಚಾಲಕ, ಊರಲ್ಲಿರುವುದೇ ಕಡಿಮೆ. ಹೊಲವೆಲ್ಲ ಇವಳ ಮೇಲೆ.

"ಮೊದಲು ಬೀಜಕ್ಕೆ, ಗೊಬ್ಬರಕ್ಕೆ ಸಬ್ಸಿಡಿ ಕೊಡ್ತಿದ್ರು ಮೇಡಂ. ಅದನ್ನ ನಿಲ್ಲಿಸಿದ್ರು. ಬದುವಲ್ಲಿ ಕಾಡುಗಿಡ ಬೆಳೆಸಿ, ಮಣ್ಣು ಉಳೀಲಿ, ಜೇನು ಬರಲಿ, ಅಂಥವರಿಗೆ ಮಾತ್ರ ಕೊಡ್ತೀವಿ ಅಂದ್ರು. ಕಷ್ಟಪಟ್ಟು ಬೆಳೆಸಿದೆ. ಇವತ್ತು ಸಂಜೆ ಕೃಷಿ ಇಲಾಖೆ ಸಾಹೇಬ್ರು ನೋಡೋಕೆ ಬರ್ತಾರೆ. ಬದು ಬರಿದಾಗಿದ್ರೆ ಯೋಜನೆಯಿಂದ ಹೊರಗೆ. ಆಮೇಲೆ ಹೊಲಾನ ಪಕ್ಕದವನಿಗೆ ಗುತ್ತಿಗೆ ಕೊಟ್ಟು ನಾನು ಕೂಲಿಗೆ ಹೋಗ್ಬೇಕಷ್ಟೆ."

"ಪಕ್ಕದವನು ಯಾರು?"

"ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಬದುವಿನಾಚೆ ಒಬ್ಬ ತನ್ನ ಟ್ರ್ಯಾಕ್ಟರನ್ನೇ ಬೈಯುತ್ತಿದ್ದ. ಊರವರು ಅವನಿಗಿಟ್ಟ ಹೆಸರು ಮೈಕು.

ಕೈ ತೊಳೆಯಲು ಮನೆಯ ಹಿತ್ತಲಿಗೆ ಹೋದೆವು. ಬಾಗಿಲಲ್ಲಿ ಮಡಚಿದ ಗೋಣಿಚೀಲ. ನಾನು ಬೂಟು ಚೆನ್ನಾಗಿ ಉಜ್ಜಿಕೊಂಡೆ. ಒಳಗೆ ಅವಳ ವಯಸ್ಸಾದ ಅತ್ತೆ ಟೀ ಸೋಸುತ್ತಿದ್ದರು. ಲೋಟ ಕೊಟ್ಟು ಬೇಗ ಕೈ ಹಿಂದೆಳೆದುಕೊಂಡರು. ಮೂಲೆಯಲ್ಲಿ ಇನ್ನೂ ಬಿಚ್ಚದ ಬಟ್ಟೆಚೀಲ.

"ಊರಿಗೆ ಹೊರಟ್ರಾ ಅಮ್ಮ?" ಎಂದರು ಮೇಡಂ.

"ಇಲ್ಲಮ್ಮ, ಬಂದೆ. ಮಗಳ ಮನೇಲಿ ಮೊಮ್ಮಗೂನ ನೋಡ್ಕೊಂಡು ತಿಂಗಳುಗಟ್ಟಲೆ ಇದ್ದೆ. ನಿನ್ನೆ ಸಂಜೆಯಷ್ಟೇ ಬಂದೆ."

*

ಬದುವಿನ ಗಿಡವನ್ನೆಲ್ಲ ಕಿತ್ತು ಬಿಸಾಕುತ್ತೇನೆಂದು ಮೈಕು ಮೊದಲೇ ಕೂಗಾಡಿದ್ದನಂತೆ. ಅವನನ್ನು ಠಾಣೆಗೆ ಕರೆತಂದೆವು. ದೂರು ಬರೆದುಕೊಡಲು ಸೊಸೆಯೂ ಬಂದಳು. ನನ್ನ ಲೆಕ್ಕದಲ್ಲಿ ಕೇಸು ಮುಗಿದಿತ್ತು.

"ಕಿತ್ತು ಬಿಸಾಕ್ತೀನಿ ಅಂದಿದ್ದು ನಿಜ!" ಎಂದು ಮೈಕು ಗುಡುಗಿದ. "ಆ ಕಳೆಬೀಜ ಹಾರಿ ನನ್ನ ಹೊಲಕ್ಕೆ ಬೀಳಲ್ವಾ? ನಮ್ಮಪ್ಪನ ಕಾಲದಿಂದ ಕಳೆ ಕೀಳಿ, ಕಳೆ ಕೀಳಿ ಅಂತ ತಲೆ ತಿಂದವರು, ಈಗ ಕಳೆ ಬೆಳೆಸಿದವರಿಗೆ ದುಡ್ಡು ಕೊಡ್ತಾರಂತೆ. ಹೊಟ್ಟೆ ಉರಿಯಲ್ವಾ ಮೇಡಂ? ಆದ್ರೆ ನಾನ್ಯಾಕೆ ಸೊಂಟ ಬಗ್ಗಿಸಿ ಕೀಳಲಿ? ಪಂಪಲ್ಲಿ ಔಷಧಿ ಹೊಡೆದು ಬರ್ತಿದ್ದೆ!"

"ಕಿತ್ತವರು ಬೇರು ಮೇಲೆ ಮಾಡಿ ಯಾಕೆ ಹಾಕಿದ್ದಾರೆ?"

"ಅಯ್ಯೋ, ಬೇರು ಮಣ್ಣಿಗೆ ತಾಗಿದ್ರೆ ಮತ್ತೆ ಚಿಗುರಲ್ವಾ? ಬಿಸಿಲಿಗೆ ಒಣಗಲಿ ಅಂತ. ಹೊಲ ಚೊಕ್ಕ ಮಾಡೋರು ಹಾಗೇ ಹಾಕೋದು."

"ಹೊಲ ಚೊಕ್ಕ ಮಾಡೋರು," ಎಂದರು ಮೇಡಂ, ತಮಗೆ ತಾವೇ. ಎದ್ದು ನಿಂತರು. "ಎಲ್ಲರೂ ಜೀಪು ಹತ್ತಿ."

*

ಹೊಲದಲ್ಲಿ ನನಗೆ ತಲೆ ತಿರುಗಿತು. ಗುಡ್ಡೆಗಳೆಲ್ಲ ಮರದ ನೆರಳಿಗೆ ಬಂದಿದ್ದವು. ಬೇರು ಈಗ ಕೆಳಗೆ, ಅದಕ್ಕೆ ಒದ್ದೆ ಮಣ್ಣು, ಮೇಲೆ ನೆನೆಸಿದ ಗೋಣಿಚೀಲಗಳು.

"ಕಳ್ಳ ವಾಪಸ್ ಬಂದಿದ್ದಾನೆ!" ಎಂದೆ.

"ಬಂದು ಗಿಡ ಉಳಿಸೋಕೆ ನೋಡಿದ್ದಾನೆ," ಎಂದರು ಮೇಡಂ. ಒಂದು ಚೀಲ ಎತ್ತಿ ತೋರಿಸಿದರು. ಮೇಲೆ ಕಪ್ಪು ಗುರುತು. "ನಿಮ್ಮ ಬೂಟಿನ ಪಾಲಿಶ್ ಅಲ್ವೇನ್ರೀ?"

ಹಿತ್ತಲ ಬಾಗಿಲಿಗೆ ಹೋದೆವು. ಹೊಸ್ತಿಲು ಬೋಳಾಗಿತ್ತು.

ಮೇಡಂ ಅತ್ತೆಯ ಪಕ್ಕದಲ್ಲಿ ಕೂತರು. ದನಿ ಮೆತ್ತಗಿತ್ತು.

"ಅಮ್ಮ, ಹಾಳು ಮಾಡೋಕೆ ಬಂದವರು ಕಿತ್ತು ಬಿಸಾಡಿ ಓಡಿಹೋಗ್ತಾರೆ. ಇಲ್ಲಿ ಅಚ್ಚುಕಟ್ಟಾಗಿ ಕೆಲಸ ಆಗಿದೆ. ಹೊಲದ ಮೇಲೆ ಪ್ರೀತಿ ಇರೋರು ಮಾಡಿದ್ದು. ಮಧ್ಯಾಹ್ನ ನಿಮ್ಮ ಸೊಸೆ ಠಾಣೇಲಿದ್ಲು, ಮೈಕೂ ಅಲ್ಲೇ ಇದ್ದ. ಈ ಬಾಗಿಲಿನ ಚೀಲ ಬದುವಿಗೆ ಹೋಗಿದೆ. ಮನೇಲಿದ್ದವರು ನೀವೊಬ್ಬರೇ."

ಆಕೆ ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡರು. ಉಗುರಲ್ಲೆಲ್ಲ ಮಣ್ಣಿತ್ತು.

"ಊಟಕ್ಕೆ ಕೂತಾಗ ಇವಳು, ನಾಳೆ ಸಾಹೇಬ್ರು ಬದು ನೋಡೋಕೆ ಬರ್ತಾರೆ ಅತ್ತೆ ಅಂದ್ಲು. ನಮ್ಮ ಕಾಲದಲ್ಲಿ ಬದುವಲ್ಲಿ ಕಳೆ ಕಂಡ್ರೆ ಸಾಕು, ಸಬ್ಸಿಡಿಗೆ ಕತ್ತರಿ. ಸಾಹೇಬ್ರು ಬರ್ತಾರೆ ಅಂದ್ರೆ ಮನೆಮಂದಿಯೆಲ್ಲ ಬೆಳಕು ಹರಿಯೋ ಮುಂಚೆ ಎದ್ದು ಕೀಳ್ತಿದ್ವಿ. ನಾನು ಊರಲ್ಲಿರಲಿಲ್ಲ, ಒಬ್ಬಳೇ ಹುಡುಗಿ, ಕೈ ಸಾಲಿಲ್ಲ ಪಾಪ ಅಂದ್ಕೊಂಡೆ. ಇವಳು ಏಳೋದ್ರೊಳಗೆ ಮುಗಿಸಿದೆ." ಸೊಸೆಯತ್ತ ನೋಡಿದರು. "ಆಮೇಲೆ, ಯಾವ ಪಾಪಿ ಮಾಡಿದ್ದು ಅಂತ ಕಿರುಚಿದ್ಲು. ನಾನೇ ಅನ್ನೋಕೆ ಬಾಯಿ ಬರಲಿಲ್ಲಮ್ಮ."

"ಒಂದು ಮಾತು ಕೇಳ್ಬಾರ್ದಿತ್ತಾ ಅತ್ತೆ!" ಸೊಸೆ ಸಿಟ್ಟಿನಿಂದಲೇ ಅಂದಳು. ಆಮೇಲೆ ಆ ಮಣ್ಣಿನ ಕೈಗಳನ್ನು ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು. "ಈ ಸೊಂಟ ಇಟ್ಕೊಂಡು ಇಡೀ ಬದು ಕಿತ್ರಾ?"

ನನಗೂ ಕಣ್ಣು ಮಂಜಾಯಿತು. ಸುಳ್ಳು ಯಾಕೆ ಹೇಳಲಿ.

"ಅಳೋದೆಲ್ಲ ಆಮೇಲೆ!" ಮೈಕು ಅಬ್ಬರಿಸಿದ. "ಬಿಸಿಲು ಇಳೀತಿದೆ. ನಾನು ನೀರು ತರ್ತೀನಿ, ನೆಡ್ರಿ ಮತ್ತೆ. ಕಳೆ ನಾಟಿ ಮಾಡೋ ಹಣೆಬರಹ ನೋಡಿ ನನ್ನದು!"

*

ಅಧಿಕಾರಿ ಬಂದಾಗ ಐದೂ ಜನ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆವು, ಇಬ್ಬರು ಯೂನಿಫಾರ್ಮಿನಲ್ಲಿ. ಜೋಲುಬಿದ್ದ ಗಿಡಗಳನ್ನು ನೋಡಿದರು. ಮೇಡಂ ಹೇಳಿದ್ದನ್ನೆಲ್ಲ ಕೇಳಿದರು. ತಲೆ ಕೆರೆದುಕೊಂಡರು.

"ಬೇರು ಹಿಡೀಲಿ. ಆಮೇಲೆ ಮತ್ತೆ ಬಂದು ನೋಡ್ತೀನಿ. ಅಲ್ಲೀವರೆಗೂ ಹೆಸರು ತೆಗೆಯಲ್ಲ."

ಸೊಸೆ ಉಸಿರು ಬಿಟ್ಟಳು. ಅತ್ತೆ ಮಾತ್ರ ಅವರನ್ನೇ ನೋಡುತ್ತಿದ್ದರು.

"ಅಲ್ಲಪ್ಪಾ, ಮೊದಲು ಕೀಳಿ ಅಂದ್ರಿ. ಈಗ ಬೆಳೆಸಿ ಅಂತೀರಿ. ಮುಂದೆ ಮತ್ತೆ ಕೀಳಿ ಅಂತೀರೇನು?"

"ಜೋರಾಗಿ ಹೇಳಿ ಸಾರ್," ಎಂದ ಮೈಕು, "ನನಗೂ ಕೇಳಿಸಲಿ."

ಅಧಿಕಾರಿ ಪೆಚ್ಚಾಗಿ ನಕ್ಕರು. "ಅದು ನನಗೂ ಗೊತ್ತಿಲ್ಲಮ್ಮ."

"ಸರಿ. ಹಾಗೇನಾದ್ರೂ ಆದ್ರೆ ಮೊದಲು ನನಗೊಂದು ಮಾತು ಹೇಳಿಕಳಿಸಿ," ಎಂದು ಅತ್ತೆ ಇನ್ನೊಂದು ಗಿಡಕ್ಕೆ ಮಣ್ಣು ಒತ್ತಿದರು. "ನಾನು ಮೊದಲೇ ಬೇಗ ಏಳೋಳು."