ಹಳ್ಳಕ್ಕೆ ಬಿದ್ದವನು

"ಕುಡೀರಿ! ಒಂದೇ ಒಂದು ಗುಟುಕು ಕುಡಿದು ತೋರಿಸಿ ನೋಡಾಣ!"

ಪಂಕಜಾಕ್ಷಿ ಚೊಂಬನ್ನು ಆ ಅಪರಿಚಿತನ ಮೂಗಿಗೇ ಹಿಡಿದಿದ್ದಳು. ಚೊಂಬಿನಲ್ಲಿ ಕಿರುಗದ್ದೆಯ ಊರಬಾವಿಯ ನೀರು. ಮೇಲೆ ಬಣ್ಣಬಣ್ಣದ ಪೊರೆ, ಗಬ್ಬೆನ್ನುವ ಡೀಸೆಲ್ ವಾಸನೆ.

ಅದು 1999ರ ಏಪ್ರಿಲ್. ತಿಂಗಳ ಹಿಂದೆ ಬೆಳಗೋಡು ದಾರಿಯ ತಿರುವಿನಲ್ಲಿ ಡೀಸೆಲ್ ಟ್ಯಾಂಕರ್ ಮಗುಚಿತ್ತು. ಅಂದಿನಿಂದ ಹದಿನೆಂಟು ಮನೆಗಳ ಬಾವಿ ಕೆಟ್ಟು ಕೂತಿತ್ತು. ಅಂಗನವಾಡಿ ಟೀಚರ್ ಪಂಕಜಾಕ್ಷಿ ಮಕ್ಕಳ ಉಪ್ಪಿಟ್ಟಿಗೂ ಒಂದು ಮೈಲಿ ದೂರದಿಂದ ನೀರು ಹೊರುತ್ತಿದ್ದಳು.

ಬಾವಿ ತೊಳೆಸಿ, ಎಣ್ಣೆ ಕುಡಿದ ಮಣ್ಣು ತೆಗೆಸುವ ಖರ್ಚನ್ನು ಟ್ಯಾಂಕರಿನ ವಿಮೆ ಕಂಪನಿ ಕೊಡಬೇಕು. ಕೊಟ್ಟರೆ ತಾನೆ! ಒಮ್ಮೆ ಫಾರಂ ಕೊಟ್ಟರು, ಇನ್ನೊಮ್ಮೆ ಫಾರಂ ತಪ್ಪು ಅಂದರು, ಮೂರನೇ ಸಲ ಸಾಹೇಬರು ರಜೆ ಅಂದರು. ಕೊನೆಗೆ ಈ ಕನ್ನಡಕದವನನ್ನು ಕಳಿಸಿದ್ದರು. ಪರಿಸರ ತಜ್ಞನಂತೆ! ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಇವನು ಬರೆಯುವ ವರದಿಯ ಮೇಲೆ ಬಾವಿಯ ಹಣೆಬರಹ ನಿಂತಿತ್ತು.

ಅವನು ಚೊಂಬನ್ನು ತೆಗೆದುಕೊಂಡ. ಸೀದಾ ಬಾಯಿಗೇ ಎತ್ತಿದ!

"ಅಯ್ಯಯ್ಯೋ! ಹುಚ್ಚೇನ್ರೀ ನಿಮಗೆ?" ಪಂಕಜಾಕ್ಷಿ ಅವನ ಕೈಗೆ ರಪ್ಪನೆ ಹೊಡೆದಳು. ನೀರೆಲ್ಲ ಅವನ ಅಂಗಿಯ ಮೇಲೆ.

"ನೀವೇ ಕುಡೀರಿ ಅಂದ್ರಲ್ಲಾ ಮೇಡಂ..."

"ಅಂದ್ರೆ ಕುಡಿದುಬಿಡೋದಾ? ಸತ್ರೆ ನಿಮ್ಮ ಅಮ್ಮಂಗೆ ಯಾರು ಉತ್ತರ ಹೇಳೋದು?"

ಅವನು ನಕ್ಕ. ಹೆಸರು ಮುನಿರಾಜು, ಕೋಲಾರದ ಕಡೆಯವನು ಅಂದ.

'ಮುನಿಸಿಕೊಂಡಿರೋಳು ನಾನು, ಮುನಿರಾಜು ಅಂತ ಹೆಸರು ಇವಂಗೆ!' ಅಂದುಕೊಂಡಳು ಪಂಕಜಾಕ್ಷಿ. ಬಾರದ ನಗುವನ್ನು ತುಟಿಯಲ್ಲೇ ಕಚ್ಚಿ ಹಿಡಿದಳು. ಬಾರದ ನಗುವನ್ನು ಯಾರಾದರೂ ಕಚ್ಚಿ ಹಿಡಿಯುತ್ತಾರೆಯೇ? ಬಂದಿತ್ತು ಬಿಡಿ!

ಅಂದು ಮುನಿರಾಜು ಟ್ಯಾಂಕರ್ ಬಿದ್ದ ಜಾಗವನ್ನೆಲ್ಲ ಅಳೆದ. ಅದು ಮಗುಚಿದ್ದನ್ನು ಕಣ್ಣಾರೆ ಕಂಡಿದ್ದವನು ದ್ಯಾವಯ್ಯ, ದನ ಮೇಯಿಸುವ ಮುದುಕ.

"ಎಣ್ಣೆ ಯಾವ ಕಡೆ ಹೋಯ್ತು ತಾತ?"

"ಯಾವ ಕಡೆ ಹೋಯ್ತದೆ ಸ್ವಾಮಿ? ಎಲ್ಲಾ ಹಳ್ಳಕ್ಕೇ ಹೋಗ್ಬುಡ್ತು!"

ಮುನಿರಾಜು ಬರೆದುಕೊಂಡ. ಪಕ್ಕದಲ್ಲೇ ರಸ್ತೆ ಕೆಲಸದವರು ಮಣ್ಣು ತೆಗೆದಿದ್ದ ದೊಡ್ಡ ಗುಂಡಿ, ಅದರಲ್ಲಿ ಕಪ್ಪಗೆ ನಿಂತ ಎಣ್ಣೆ. ಅದನ್ನೂ ಅಳೆದು, ಒಣಗಿದ ತರಗೆಲೆಗಳ ಮೇಲೆ ಸರಸರ ನಡೆದು ಬಾವಿಗೆ ಬಂದ.

ಆ ತಿಂಗಳಲ್ಲಿ ಅವನು ನಾಲ್ಕು ಸಲ ಬಂದ. ಬಾಟಲಿಗೆ ನೀರು ತುಂಬುವುದು ಅವನು, ಚೀಟಿ ಅಂಟಿಸುವುದು ಅವಳು. ಮೂರನೇ ಸಲ ಬರುವಾಗ ಅಂಗನವಾಡಿ ಮಕ್ಕಳಿಗೆ ಬಸ್ಸಿನಲ್ಲಿ ಎರಡು ಕ್ಯಾನ್ ಕುಡಿಯುವ ನೀರು ಹೇರಿಕೊಂಡು ಬಂದಿದ್ದ!

"ನೀರು ನೋಡಕ್ಕೆ ಬರ್ತಾನೋ, ನಿನ್ನ ನೋಡಕ್ಕೆ ಬರ್ತಾನೋ?" ತಾಯಿ ಲಿಂಗಮ್ಮ ಛೇಡಿಸಿದಳು.

"ಸುಮ್ಕಿರವ್ವಾ!" ಅಂದಳು. ಆದರೆ ಬಸ್ಸಿನ ಹಾರ್ನ್ ಕೇಳಿದರೆ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತಿತ್ತು. ಪಂಕಜಾಕ್ಷಿಗೆ ಅವನು ಬೇಕಾಗಿಬಿಟ್ಟಿದ್ದ.

ನಾಲ್ಕನೇ ಸಲ ಹೊರಡುವಾಗ ಅವನೆಂದ, "ವರದಿ ಕೊಟ್ಟ ಮೇಲೆ... ನಿಮ್ಮ ಹತ್ರ ಒಂದು ಮಾತಾಡಬೇಕು."

"ಈಗಲೇ ಆಡಿ."

"ಈಗ ಬೇಡ. ಬಾವಿ ಕೆಲಸ ಮುಗೀಲಿ."

ಆ ಒಂದು ಮಾತಿಗಾಗಿ ಅವಳು ಜೂನ್ ತನಕ ಕಾದಳು.

ಬಂದದ್ದು ಮಾತಲ್ಲ, ಕಂಪನಿಯ ಕಾಗದ! ಜೊತೆಗೆ ಇಂಗ್ಲಿಷಿನ ವರದಿ. ಪಿಯುಸಿ ಓದಿದ್ದ ಪಂಕಜಾಕ್ಷಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಚೆಲ್ಲಿದ ಎಣ್ಣೆಯೆಲ್ಲ ರಸ್ತೆ ಬದಿಯ ಗುಂಡಿಯಲ್ಲೇ ನಿಂತಿದೆಯಂತೆ. ಬಾವಿಯಲ್ಲಿರುವುದು ಊರವರದ್ದೇ ಪಂಪ್‌ಸೆಟ್ಟಿನಿಂದ ಸೋರಿದ ಡೀಸೆಲ್ ಇರಬಹುದಂತೆ. ಆದ್ದರಿಂದ ಪರಿಹಾರವಿಲ್ಲ. ಕೆಳಗೆ ಸಹಿ, ಮುನಿರಾಜು.

ಕಾಗದವನ್ನು ಮುದುರಿ ಸೊಂಟಕ್ಕೆ ಸಿಕ್ಕಿಸಿದಳು. 'ನಮ್ಮ ತಲೆ ಮೇಲೇ ಹಾಕಿದ್ನಲ್ಲಾ! ಇದಕ್ಕಾ ನಾಲ್ಕು ಸಲ ಬಂದಿದ್ದು? ಇದಕ್ಕಾ ನಾನು ಚೀಟಿ ಅಂಟಿಸಿದ್ದು?'

ಬೆಳಗೋಡಿನ ಎಸ್‌ಟಿಡಿ ಬೂತಿಗೆ ನಡೆದೇ ಹೋದಳು. ಮುನಿರಾಜುವಿನ ಆಫೀಸಿನ ನಂಬರು ಮೂರು ಸಲ ಎಂಗೇಜ್, ನಾಲ್ಕನೇ ಸಲ ರಾಂಗ್ ನಂಬರ್. ಸಿಟ್ಟಿಗೆ ಅಳು ಬಂತು. ಐದನೇ ಸಲ ಅವನೇ ಎತ್ತಿದ.

"ಪಂಕಜಾಕ್ಷಿಯವರೇ! ನಾನೇ ಬರಬೇಕು ಅಂತಿದ್ದೆ..."

"ಬರಬೇಡಿ! ಉಂಡ ಮನೆಗೇ ಎರಡು ಬಗೆದ್ರಲ್ಲಾ! ಕಂಪನಿಯೋರು ಎಷ್ಟಕ್ಕೆ ಕೊಂಡ್ಕೊಂಡ್ರು ನಿಮ್ಮನ್ನ?"

"ಏನಂತಿದ್ದೀರಿ? ನಾನು ನೋಡಿದ್ದನ್ನೇ, ನೀವು ಹೇಳಿದ್ದನ್ನೇ ಬರೆದಿದ್ದೀನಿ!"

"ನಾವು ಹೇಳಿದ್ದಾ? ಥೂ!"

ಫೋನನ್ನು ಕುಕ್ಕಿದಳು. ದಾರಿಯುದ್ದಕ್ಕೂ ಅವನನ್ನು ಬೈದಳು, ನಂಬಿದ ತನ್ನನ್ನು ಇನ್ನೂ ಹೆಚ್ಚು ಬೈದುಕೊಂಡಳು.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿನಿಂದ ಮುನಿರಾಜು ಇಳಿದ. ಅಂಗನವಾಡಿ ಬಾಗಿಲಲ್ಲಿ ಪಂಕಜಾಕ್ಷಿ ಕೈ ಅಡ್ಡ ಹಿಡಿದಳು.

"ಒಳಗೆ ಬರಬೇಡಿ."

"ಬರಲ್ಲ. ಎಲ್ಲಿ ತಪ್ಪಾಯ್ತು ಅಂತ ತೋರಿಸಿ, ಸಾಕು. ಬಯ್ಯೋದಾದ್ರೆ ಆಮೇಲೆ ಬಯ್ಯಿರಿ."

"ಬನ್ನಿ! ಕಣ್ಣಿಗೇ ಕಾಣಿಸ್ತೀನಿ!" ಎಂದು ಚಪ್ಪಲಿಯನ್ನೂ ಮೆಟ್ಟದೆ ಮುಂದೆ ಮುಂದೆ ನಡೆದಳು.

ವಾರದ ಹಿಂದೆ ಮಳೆಗಾಲ ಹಿಡಿದಿತ್ತು. ತಿರುವಿನ ಹತ್ತಿರ ಬಂದ ಮುನಿರಾಜು ಗಕ್ಕನೆ ನಿಂತ. ಏಪ್ರಿಲ್‌ನಲ್ಲಿ ತರಗೆಲೆ ತುಳಿದು ನಡೆದಿದ್ದ ಜಾಗದಲ್ಲಿ ಮೊಣಕಾಲೆತ್ತರ ನೀರು ಹರಿಯುತ್ತಿತ್ತು! ಅದರ ಮೇಲೆ ಅದೇ ಬಣ್ಣಬಣ್ಣದ ಪೊರೆ, ಸೀದಾ ಬಾವಿಯ ಕಡೆಗೆ.

"ಇಲ್ಲಿ... ಇಲ್ಲಿ ನೀರು ಹರಿಯುತ್ತಾ? ಯಾರೂ ಹೇಳಲೇ ಇಲ್ಲವಲ್ಲ!"

ದನ ಹೊಡೆದುಕೊಂಡು ಬಂದ ದ್ಯಾವಯ್ಯ ರೇಗಿದ. "ಹೇಳ್ದೇ ಏನು ಮಾರಾಯ? ಹಳ್ಳಕ್ಕೆ ಹೋಯ್ತು ಅಂತ ಬಾಯಿ ಬಡ್ಕಂಡಿದ್ನಲ್ಲಾ!"

"ಹಳ್ಳ ಅಂದ್ರೆ... ಗುಂಡಿ ಅಲ್ವಾ?"

ಪಂಕಜಾಕ್ಷಿ ಗಿರ್ರನೆ ಅವನ ಕಡೆ ತಿರುಗಿದಳು.

"ನಮ್ಮ ಕಡೆ ಗುಂಡಿ ತೋಡಿದ್ರೆ ಹಳ್ಳ ತೋಡಿದ್ರು ಅಂತೀವಿ," ಮುನಿರಾಜುವಿನ ಮುಖ ಬಿಳುಚಿತ್ತು. "ನಾನು ಆ ಗುಂಡೀನೇ..."

"ಗುಂಡಿಗೆ ಗುಂಡಿ ಅಂತೀವಿ ಕಣಪ್ಪಾ! ಹಳ್ಳ ಅಂದ್ರೆ ಹರಿಯೋದು. ಬ್ಯಾಸಿಗೇಲಿ ಮೇಲೆ ಒಣಗಿದ್ರೂ ಮರಳಡಿ ಹರೀತಾನೇ ಇರ್ತೈತೆ!" ಎಂದ ದ್ಯಾವಯ್ಯ, ಇಂಥ ಓದಿಗೆ ಬೆಂಕಿ ಹಾಕ ಎಂದು ಗೊಣಗುತ್ತಾ ದನಗಳ ಹಿಂದೆ ಹೋದ.

ನಗಬೇಕೋ ಅಳಬೇಕೋ! ಹದಿನೆಂಟು ಮನೆಗಳು ಒಂದು ಪದದ ದೆಸೆಯಿಂದ ಬಾಯಾರಿ ಕೂತಿದ್ದವು.

ಮುನಿರಾಜು ಆಗಲೇ ಪ್ಯಾಂಟು ಮಡಚಿ ಹಳ್ಳಕ್ಕೆ ಇಳಿದಿದ್ದ. ಹೆಜ್ಜೆ ಹೆಜ್ಜೆಗೂ ಬಾಟಲಿ ತುಂಬಿದ. ಪಂಕಜಾಕ್ಷಿ ಒಂದು ಗಳಿಗೆ ಬಿಗಿದುಕೊಂಡೇ ನಿಂತಿದ್ದು, ಆಮೇಲೆ ಚೀಟಿಗೆ ಕೈ ಚಾಚಿದಳು.

"ತಪ್ಪಾಯ್ತು ಅಂತ ಬರೆದ್ರೆ ನಿಮಗೇನೂ ಆಗಲ್ವಾ?"

"ಆಗುತ್ತೆ. ಆದ್ರೂ ಬರೀತೀನಿ."

ಎರಡನೇ ವರದಿಯ ಪ್ರತಿ ಆಗಸ್ಟಿನಲ್ಲಿ ಬಂತು. ಅದರಲ್ಲೊಂದು ಸಾಲಿತ್ತು: 'ಊರಿನವರು ಮೊದಲೇ ಸರಿಯಾಗಿ ಹೇಳಿದ್ದರು. ತಪ್ಪು ತಿಳಿದವನು ನಾನು.' ಪಂಕಜಾಕ್ಷಿ ಆ ಸಾಲನ್ನು ಎಷ್ಟು ಸಲ ಓದಿದಳೋ!

ಅವನು ಮಾತ್ರ ಬರಲಿಲ್ಲ. ಫೋನ್ ಮಾಡಿದರೆ, ಅವರು ಈಗ ಈ ಆಫೀಸಿನಲ್ಲಿಲ್ಲ ಅಂದರು. ಎಲ್ಲಿದ್ದಾರೆ? ಗೊತ್ತಿಲ್ಲ! ಕಂಪನಿ ಒಪ್ಪಿತು, ಕೆಲಸದವರು ಬಂದರು, ಬಾವಿಯ ಕೆಸರೆಲ್ಲ ಮೇಲೆ ಬಂತು. ಊರೆಲ್ಲ ಹಿಗ್ಗಿದರೆ ಇವಳಿಗೆ ಮಾತ್ರ ಎದೆಯೊಳಗೆ ಮುಳ್ಳು. 'ಕೊಂಡ್ಕೊಂಡ್ರಾ ಅಂದ್ಬಿಟ್ಟೆನಲ್ಲಾ... ಹೇಗೆ ಬರ್ತಾನೆ?'

ಡಿಸೆಂಬರಿನಲ್ಲಿ ಬಾವಿ ನೀರು ಕುಡಿಯಬಹುದು ಎಂಬ ಚೀಟಿ ಬಂತು. ತಂದವನು ಮುನಿರಾಜು!

"ಕೆಲಸ ಬಿಡಿಸಿದ್ರು. ಈಗ ಹಾಸನದಲ್ಲಿ ನೀರು ಪರೀಕ್ಷೆ ಮಾಡೋ ಲ್ಯಾಬಿನಲ್ಲಿದ್ದೀನಿ," ಎಂದ ತಲೆ ತಗ್ಗಿಸಿ. "ಬಾವಿ ಸರಿಹೋಗದೆ ಮುಖ ತೋರಿಸೋಕೆ ಧೈರ್ಯ ಬರಲಿಲ್ಲ."

"ಒಂದು ಕಾಗದ ಬರೆಯೋಕೂ ಆಗ್ಲಿಲ್ವಾ? ಆರು ತಿಂಗಳು! ಕಲ್ಲು ಮನಸ್ಸು ನಿಮ್ದು!" ಬೈಯುತ್ತಲೇ ಅವಳ ಕಣ್ಣು ತುಂಬಿತು. ಸರ್ರನೆ ಬಾವಿಯಿಂದ ನೀರು ಸೇದಿ ಚೊಂಬನ್ನು ಅವನ ಮುಂದೆ ಹಿಡಿದಳು.

"ಕುಡೀರಿ."

ಅವನು ಗಟಗಟ ಕುಡಿದು ಚೊಂಬು ಬರಿದು ಮಾಡಿದ. ಈ ಸಲ ಅವಳು ಕೈಗೆ ಹೊಡೆಯಲಿಲ್ಲ.

"ಬಾವಿ ಕೆಲಸ ಮುಗೀತು," ಎಂದಳು ಮೆಲ್ಲಗೆ. "ಒಂದು ಮಾತಾಡಬೇಕು ಅಂದಿದ್ರಿ."

"ನಾನು... ಹಳ್ಳಕ್ಕೆ ಬಿದ್ದುಬಿಟ್ಟಿದ್ದೀನಿ ಪಂಕಜ."

"ನಿಮ್ಮೂರ ಹಳ್ಳಕ್ಕೋ, ನಮ್ಮೂರ ಹಳ್ಳಕ್ಕೋ?"

"ನಿಮ್ಮೂರದ್ದಕ್ಕೆ."

"ನೋಡ್ಕೊಳ್ಳಿ ಮತ್ತೆ. ನಿಮ್ಮೂರದ್ದಾದ್ರೆ ಹತ್ತಿ ಬರಬಹುದು. ನಮ್ಮೂರದ್ದು ಎಳ್ಕೊಂಡೇ ಹೋಗುತ್ತೆ."

"ಎಳ್ಕೊಂಡು ಹೋಗ್ಲಿ ಬಿಡು," ಎಂದ ಮುನಿರಾಜು. ಅವಳು ಚೊಂಬಿಗೆಂದು ಚಾಚಿದ ಕೈಯನ್ನು ಹಿಡಿದವನು ಬಿಡಲಿಲ್ಲ.